ವಿಠ್ಠಲ ವಿಹಾರದ ಮೇಷ್ಟ್ರು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ, ಪೇಟೆಯ ಗದ್ದಲ ಸ್ವಲ್ಪ ತಗ್ಗಿತು ಅನ್ನುವಾಗ ಮಲವಗೊಪ್ಪ ಸಿಗುತ್ತದೆ. ಚನ್ನಬಸವೇಶ್ವರ ದೇವಸ್ಥಾನ, ಸದ್ದಡಗಿದ ಸಕ್ಕರೆ ಕಾರ್ಖಾನೆಯ ಜಾಗ, ನಿಲ್ಲಿಸಿ ಹೊರಡುವ ಬಸ್ಸುಗಳು. ಇಲ್ಲಿನ ಹಳೆಯ ಮನೆಗಳಲ್ಲಿ ಬೆಳಗು ಅನ್ನುವುದು ಬಹುಕಾಲ ಒಂದು ದನಿಯಿಂದ ಶುರುವಾಗುತ್ತಿತ್ತು. ಮೊದಲು ವಾಲ್ಟರ್ ಕಾಫ್‌ಮನ್ ಎಂಬ ಸಂಗೀತಗಾರ ಕಟ್ಟಿದ ಆ ಪರಿಚಿತ ಪಿಟೀಲಿನ ರಾಗ, ಆಮೇಲೆ ವಂದೇ ಮಾತರಂ, ಆಮೇಲೆ ‘ಆಕಾಶವಾಣಿ ಭದ್ರಾವತಿ’. ಭದ್ರಾವತಿಯ ನಿಲಯ 1965ರಲ್ಲಿ ಶುರುವಾಯಿತು. ಹತ್ತಿಪ್ಪತ್ತು ಕಿಲೋಮೀಟರ್ ಆಚೆಯಿಂದ ಬರುವ ಅಲೆಗೆ ಏರಿಯಲ್ ಕಟ್ಟುವ ಕಷ್ಟವೂ ಇರಲಿಲ್ಲ. ಚಿಂತನ ಮುಗಿಯುವ ಹೊತ್ತಿಗೆ ಒಲೆಯ ಮೇಲೆ ನೀರು ಕಾಯಬೇಕು, ಪ್ರದೇಶ ಸಮಾಚಾರದ ಹೊತ್ತಿಗೆ ಡಬ್ಬಿ ತುಂಬಬೇಕು. ಗಡಿಯಾರ ನಿಂತರೂ ಮನೆಯ ಕೆಲಸ ನಿಲ್ಲುತ್ತಿರಲಿಲ್ಲ.

ಆ ದನಿ ದಿನವೂ ಹೇಳುತ್ತಿದ್ದ ಮೊದಲ ಪದದ ಹಿಂದೆ ಒಬ್ಬ ಕಾಲೇಜು ಮೇಷ್ಟ್ರಿದ್ದಾರೆ. ಅವರು ಎಂಜಿನಿಯರಲ್ಲ, ಸರ್ಕಾರಿ ಅಧಿಕಾರಿಯಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ.

ರೇಡಿಯೊ ಚರಿತ್ರೆ ಬರೆದವರೆಲ್ಲ ಅವರ ಹೆಸರು ಬರೆದಿದ್ದಾರೆ, ‘ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ’ ಎಂಬ ಒಂದು ವಿಶೇಷಣವನ್ನೂ ಸೇರಿಸಿದ್ದಾರೆ. ಆದರೆ ಆ ವಿಶೇಷಣವನ್ನು ಹಾಗೇ ದಾಟಿಕೊಂಡು ಹೋಗಿದ್ದಾರೆ. ಗೋಪಾಲಸ್ವಾಮಿಯವರನ್ನು ನೆನೆಯುವುದಾದರೆ ಅಲ್ಲೇ ನಿಲ್ಲಬೇಕು. ರೇಡಿಯೊ ಅವರಿಗೆ ಬಿಡುವಿನ ಹೊತ್ತಿನ ಶೋಕಿ ಎಂದುಕೊಂಡರೆ ಅವರು ಅರ್ಧ ಮಾತ್ರ ಸಿಗುತ್ತಾರೆ. ಮನಸ್ಸನ್ನು ಅಳೆಯಲು ಕಲಿತು ಬಂದವರು ಆ ಮನಸ್ಸುಗಳಿರುವ ಮನೆಗಳಿಗೇ ದನಿಯಾಗಿ ಹೋದರು. ಅದೂ ಪಾಠವೇ.

ಅವರು ಹುಟ್ಟಿದ್ದು 1896ರಲ್ಲಿ. ಆಗ ಮನಃಶಾಸ್ತ್ರ ಎಂಬುದು ಸ್ವಂತ ಮನೆಯಿಲ್ಲದ ಶಾಸ್ತ್ರ. ತತ್ತ್ವಶಾಸ್ತ್ರದ ಹಿತ್ತಲ ಕೋಣೆಯಲ್ಲಿ ಅದರ ವಾಸ. ಆತ್ಮ, ಅಂತಃಕರಣ, ಬುದ್ಧಿ ಎಂದೆಲ್ಲ ಚರ್ಚೆ ನಡೆಯುತ್ತಿತ್ತೇ ಹೊರತು ಸ್ಟಾಪ್‌ವಾಚ್ ಹಿಡಿದು ಮನಸ್ಸಿನ ಕೆಲಸವನ್ನು ಅಳೆಯಬಹುದು ಎಂಬ ಯೋಚನೆ ಹೊಸದು. ಜರ್ಮನಿಯ ಲೈಪ್ಸಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಮನಃಶಾಸ್ತ್ರಕ್ಕೆಂದೇ ಪ್ರಯೋಗಾಲಯ ತೆರೆದಿದ್ದರು. ಅವರ ಹತ್ತಿರ ಕಲಿತವರಲ್ಲಿ ಒಬ್ಬರು ಚಾರ್ಲ್ಸ್ ಸ್ಪಿಯರ್‌ಮನ್, ಬ್ರಿಟಿಷ್ ಸೈನ್ಯದಲ್ಲಿ ವರ್ಷಗಟ್ಟಲೆ ದುಡಿದು, ಅದನ್ನು ಬಿಟ್ಟು, ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದವರು. ಮುಂದೆ ಲಂಡನ್ನಿನಲ್ಲಿ ಪಾಠ ಹೇಳಿದ ಸ್ಪಿಯರ್‌ಮನ್ನರ ಕೈಕೆಳಗೆ ಗೋಪಾಲಸ್ವಾಮಿ ಡಾಕ್ಟರೇಟ್ ಮಾಡಿದರು.

ಸ್ಪಿಯರ್‌ಮನ್ ಕೇಳಿದ ಪ್ರಶ್ನೆ ಯಾವ ಮನೆಯ ಹೆತ್ತವರಿಗೂ ಹೊಸದಲ್ಲ. ಮಕ್ಕಳ ಮಾರ್ಕ್ಸ್ ಕಾರ್ಡ್ ಹರಡಿಕೊಂಡು ಕೂತರೆ ಗಣಿತದಲ್ಲಿ ಮುಂದಿರುವ ಮಗು ಬಹುಮಟ್ಟಿಗೆ ಭಾಷೆಯಲ್ಲೂ ಹಿಂದೆ ಬಿದ್ದಿರುವುದಿಲ್ಲ. ಏಕೆ ಹೀಗೆ? ಬೇರೆ ಬೇರೆ ಕೌಶಲಗಳ ಕೆಳಗೆ ಎಲ್ಲಕ್ಕೂ ಒದಗುವ ಒಂದು ಸಾಮಾನ್ಯ ಶಕ್ತಿ ಇದೆಯೇ? ಇದೆ ಎಂದರು ಸ್ಪಿಯರ್‌ಮನ್, 1904ರಲ್ಲಿ ಬರೆದ ಪ್ರಬಂಧದಲ್ಲಿ. ಅದಕ್ಕೆ ‘ಜಿ’ ಎಂದು ಒಂದೇ ಅಕ್ಷರದ ಹೆಸರಿಟ್ಟರು. ಹಾಗಾದರೆ ಕೈಗೆ ಕಲಿಸುವ ವಿದ್ಯೆಯಲ್ಲೂ ಬುದ್ಧಿಯ ಪಾಲು ಇದೆಯೇ? ನೇಯುವವನ, ಕೆತ್ತುವವನ, ವೀಣೆ ನುಡಿಸುವವಳ ಬೆರಳು ಕಲಿಯುವಾಗ ತಲೆ ಏನು ಮಾಡುತ್ತಿರುತ್ತದೆ? ಗೋಪಾಲಸ್ವಾಮಿ ಹಿಡಿದದ್ದು ಈ ಎಳೆಯನ್ನು. ಚಲನೆಯ ಕಲಿಕೆಯಲ್ಲಿ ಬುದ್ಧಿಯ ಪಾತ್ರ ಕುರಿತ ಅವರ ಪ್ರಬಂಧ ಬ್ರಿಟನ್ನಿನ ಮನಃಶಾಸ್ತ್ರ ಪತ್ರಿಕೆಯಲ್ಲಿ 1924ರಲ್ಲಿ ಅಚ್ಚಾಯಿತು.

ಅದು ಎಂಥ ಕೆಲಸ ಎಂದು ಅರಿಯಲು ಲಂಡನ್ನಿಗೆ ಹೋಗಬೇಕಿಲ್ಲ. ಮನಃಶಾಸ್ತ್ರ ಓದುವ ಹುಡುಗ ಹುಡುಗಿಯರ ಪ್ರಾಕ್ಟಿಕಲ್ ತರಗತಿಗೆ ಒಮ್ಮೆ ಹೊಕ್ಕರೆ ಸಾಕು. ಮೇಜಿನ ಮೇಲೆ ಒಂದು ಹಲಗೆ, ಅದರ ಮೇಲೆ ಜೋಡಿ ಗೆರೆಯಲ್ಲಿ ಬರೆದ ನಕ್ಷತ್ರದ ಚಿತ್ರ. ಕೈ ನೇರವಾಗಿ ಕಾಣದಂತೆ ಮೇಲೊಂದು ಮರೆ, ಎದುರಿಗೆ ನೆಟ್ಟಗೆ ನಿಂತ ಕನ್ನಡಿ. ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ನಕ್ಷತ್ರ ಸುತ್ತಿ ಬರಬೇಕು. ಇದಕ್ಕೆ ಮಿರರ್ ಡ್ರಾಯಿಂಗ್ ಅನ್ನುತ್ತಾರೆ. ಸುಲಭ ಎಂದುಕೊಂಡು ಕೂತವರ ಪೆನ್ಸಿಲ್ ಮೊದಲ ಮೂಲೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಕ್ಕೆ ತಳ್ಳಿದರೆ ಹಿಂದಕ್ಕೆ ಬರುತ್ತದೆ. ‘ಕೈ ನನ್ನ ಮಾತೇ ಕೇಳ್ತಿಲ್ಲ ಕಣೇ’ ಎಂದು ಸಬ್ಜೆಕ್ಟ್ ಆಗಿ ಕೂತ ಹುಡುಗಿ ಗೋಗರೆಯುತ್ತಾಳೆ, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದ ಗೆಳತಿ ಗೆರೆ ತಾಗಿದ ಸಲವನ್ನೆಲ್ಲ ತಪ್ಪೆಂದು ಎಣಿಸುತ್ತಾಳೆ. ಎರಡನೆಯ ಸಲ ಹೊತ್ತು ಕಡಿಮೆ, ಐದನೆಯ ಸಲಕ್ಕೆ ತಪ್ಪೂ ಕಡಿಮೆ. ಸೋಜಿಗ ಇರುವುದು ಅದರಾಚೆ. ಬಲಗೈಗೆ ಅಭ್ಯಾಸ ಮಾಡಿಸಿ, ಅಭ್ಯಾಸವೇ ಇಲ್ಲದ ಎಡಗೈಗೆ ಪೆನ್ಸಿಲ್ ಕೊಟ್ಟರೆ ಎಡಗೈಯೂ ಮೊದಲಿಗಿಂತ ಚುರುಕಾಗಿರುತ್ತದೆ. ಕಲಿತದ್ದು ಕೈ ಮಾತ್ರ ಅಲ್ಲ ಎಂಬುದು ರೆಕಾರ್ಡ್ ಬುಕ್ಕಿನ ಅಂಕಣದಲ್ಲಿ ಕಣ್ಣಿಗೆ ಕಾಣುತ್ತದೆ.

ಇಂಥ ಪಾಠಕ್ಕೆ ಮೈಸೂರಿನಲ್ಲಿ ನೆಲ ಸಿದ್ಧವಾಗಿತ್ತು. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. 1920ರ ದಶಕದಲ್ಲಿ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿದ್ದಾಗ ಪ್ರಾಯೋಗಿಕ ಮನಃಶಾಸ್ತ್ರಕ್ಕೆ ದೇಶದ ಮೊದಲ ಪಠ್ಯಕ್ರಮ ಸಿದ್ಧಪಡಿಸಿದವರೂ ಅವರೇ. ಅಲ್ಲಿ 1916ರಲ್ಲಿ ಎನ್.ಎನ್. ಸೇನ್‌ಗುಪ್ತ ಅವರ ಮುಂದಾಳತನದಲ್ಲಿ ಭಾರತದ ಮೊದಲ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಎರಡನೆಯದು ಮೈಸೂರಿನದು, 1924ರಲ್ಲಿ. ಅದನ್ನು ಕಟ್ಟಿದವರು ಲಂಡನ್ನಿನಿಂದ ಆಗಷ್ಟೇ ಬಂದ ಗೋಪಾಲಸ್ವಾಮಿ. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಹುಡುಗರು ಬಿ.ಎ. ಓದಲು ಟ್ರಂಕು ಹೊತ್ತು ಮೈಸೂರಿಗೇ ಹೋಗುತ್ತಿದ್ದ ಕಾಲ ಅದು. ಕುಪ್ಪಳಿಯ ಪುಟ್ಟಪ್ಪ, ಅಂದರೆ ಕುವೆಂಪು ಅವರೂ, ಓದಲು ಮೈಸೂರಿಗೆ ಹೋದವರೇ. 1929ರಲ್ಲಿ ಅವರು ಮಹಾರಾಜ ಕಾಲೇಜಿನಲ್ಲೇ ಕನ್ನಡ ಅಧ್ಯಾಪಕರಾದರು. ಒಂದೇ ಕಾಲೇಜಿನಲ್ಲಿ ಒಬ್ಬರು ಮನಸ್ಸನ್ನು ಅಳೆಯುತ್ತಿದ್ದರು, ಇನ್ನೊಬ್ಬರು ಅದನ್ನು ಬರೆಯುತ್ತಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ಎಂ.ವಿ. ಗೋಪಾಲಸ್ವಾಮಿಯವರನ್ನೂ ಎಂ.ವಿ. ಗೋವಿಂದಸ್ವಾಮಿಯವರನ್ನೂ ಒಬ್ಬರೇ ಎಂದು ತಿಳಿದವರು ಬಹಳ. ಗೋವಿಂದಸ್ವಾಮಿ ಮನೋವೈದ್ಯರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ನಡೆಸಿದವರು, ಮುಂದೆ ನಿಮ್ಹಾನ್ಸ್ ಆಗಿ ಬೆಳೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು. ಇಬ್ಬರೂ ಮೈಸೂರು ಸೀಮೆಗೆ ಮನಸ್ಸಿನ ವಿಜ್ಞಾನವನ್ನು ತಂದವರು, ಬೇರೆ ಬೇರೆ ಬಾಗಿಲಿನಿಂದ. ಹೆಸರಿನ ಸಾಮ್ಯಕ್ಕೆ ಒಬ್ಬರ ಕೆಲಸ ಇನ್ನೊಬ್ಬರ ಲೆಕ್ಕಕ್ಕೆ ಹೋಗಬಾರದು.

ಇನ್ನು ವಿಠ್ಠಲ ವಿಹಾರ.

ಅದು ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಮನೆಯ ಹೆಸರು. 1935ರ ಸೆಪ್ಟೆಂಬರ್ 10ರಂದು ಆ ಮನೆಯಿಂದ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಗಾಳಿಗೆ ದನಿ ಬಿಟ್ಟಿತು. ಅದರ ಶಕ್ತಿ 30 ವಾಟ್. ಅಂದರೆ ಹಳೆಯ ಕಾಲದಲ್ಲಿ ಜಗಲಿಗೆ ಹಾಕುತ್ತಿದ್ದ 60 ಕ್ಯಾಂಡಲ್ ಬಲ್ಬಿನ ಅರ್ಧ. ಮೊದಲು ಕೇಳಿಸಿದ್ದು ಕುವೆಂಪು ಅವರ ದನಿ ಎಂದು ಮೈಸೂರಿನ ಹಳಬರು ಹೇಳುತ್ತಾರೆ. ಶಿವಮೊಗ್ಗ ಜಿಲ್ಲೆಯವರಿಗೆ ಅದು ಹೆಮ್ಮೆಯ ಮಾತು. ಆ ಹೊತ್ತಿಗೆ ದೆಹಲಿಯ ಸರ್ಕಾರದ ರೇಡಿಯೊಗೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರೂ ಬಂದಿರಲಿಲ್ಲ. ಅದು ಬಂದದ್ದು 1936ರ ಜೂನ್ 8ಕ್ಕೆ. ಒಂಬತ್ತು ತಿಂಗಳು ಮೊದಲೇ ಮೈಸೂರಿನ ಮೇಷ್ಟ್ರ ಮನೆ ಮಾತನಾಡಿತ್ತು.

ನಿಲಯಕ್ಕೆ ಹೆಸರು ಬೇಕಿತ್ತು. ‘ಆಕಾಶವಾಣಿ’ ಎಂಬ ಪದ ಕೊಟ್ಟವರು ನಾ. ಕಸ್ತೂರಿ ಎಂಬುದು ಮೈಸೂರಿನಲ್ಲಿ ಚಾಲ್ತಿಯಲ್ಲಿರುವ ಮಾತು. ಕಸ್ತೂರಿ ಅದೇ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ಕೇರಳದಲ್ಲಿ ಹುಟ್ಟಿ, ಕನ್ನಡ ಕಲಿತು, ಕನ್ನಡಿಗರನ್ನೇ ನಗಿಸಿದ ‘ಅನರ್ಥಕೋಶ’ದ ಕರ್ತೃ. ಕಲ್ಕತ್ತೆಯ ನಿಲಯದ ಸಲುವಾಗಿ ರವೀಂದ್ರನಾಥ ಠಾಕೂರರು ಇದೇ ಪದವನ್ನು ಕವಿತೆಗೆ ತಂದದ್ದು 1938ರಲ್ಲಿ, ಆಮೇಲೆ. ಪದ ಮಾತ್ರ ಅವರಿಬ್ಬರಿಗಿಂತ ಬಹಳ ಹಳೆಯದು. ದೇವಕಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಮುಗಿಲಿನಿಂದ ಕೇಳಿಸಿದ ಅಶರೀರವಾಣಿಯನ್ನು ಯಕ್ಷಗಾನದ ರಂಗದಲ್ಲಿ ಕೇಳಿ ಬೆಳೆದ ಜನಕ್ಕೆ, ಮೈಯಿಲ್ಲದ ದನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ವಿವರಣೆಯೇ ಬೇಡದ ಹೆಸರು ಅದು.

ಮೈಯಿಲ್ಲದ ದನಿ ಕೇಳುವವರ ಮನಸ್ಸಿನಲ್ಲಿ ಏನು ಮಾಡುತ್ತದೆ ಎಂಬುದು ಆಗ ಮನಃಶಾಸ್ತ್ರದ ಹೊಸ ಪ್ರಶ್ನೆಯೂ ಆಗಿತ್ತು. ವಿಠ್ಠಲ ವಿಹಾರ ಮಾತನಾಡಿದ ಅದೇ 1935ರಲ್ಲಿ ಅಮೆರಿಕದಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಮತ್ತು ಗಾರ್ಡನ್ ಆಲ್ಪೋರ್ಟ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ರೇಡಿಯೊದ ಮನಃಶಾಸ್ತ್ರ ಕುರಿತು ಒಂದು ಪುಸ್ತಕ ಹೊರತಂದರು. ಮುಖ ಕಾಣದೆ ದನಿಯೊಂದನ್ನೇ ಕೇಳಿ ಮಾತನಾಡುವವರ ಸ್ವಭಾವವನ್ನು ಜನ ಎಷ್ಟು ಸರಿಯಾಗಿ ಊಹಿಸಬಲ್ಲರು ಎಂದೆಲ್ಲ ಅವರು ಪ್ರಯೋಗ ಮಾಡಿದ್ದರು. ಮೂರು ವರ್ಷ ಕಳೆದು, 1938ರ ಅಕ್ಟೋಬರ್ 30ರ ರಾತ್ರಿ, ಮಂಗಳ ಗ್ರಹದವರು ದಾಳಿ ಮಾಡಿದರೆಂಬ ರೇಡಿಯೊ ನಾಟಕವನ್ನು ನಿಜವೆಂದೇ ನಂಬಿ ಅಮೆರಿಕದಲ್ಲಿ ಎಷ್ಟೋ ಕೇಳುಗರು ಗಾಬರಿಬಿದ್ದರು. ಕ್ಯಾಂಟ್ರಿಲ್ ಅದನ್ನೂ ಹಿಡಿದು ಅಧ್ಯಯನ ಮಾಡಿದರು. ಸಭೆಯಲ್ಲಿ ಸಾವಿರ ಜನ ಕೂತಿದ್ದರೆ ಅದು ಗುಂಪು. ರೇಡಿಯೊ ಮುಂದೆ ಸಾವಿರ ಜನ ಇದ್ದರೂ ಪ್ರತಿಯೊಬ್ಬರೂ ಒಬ್ಬಂಟಿ, ಪ್ರತಿಯೊಬ್ಬರಿಗೂ ಆ ದನಿ ತಮಗೇ ಹೇಳಿದಂತೆ. ಮನೆಯಲ್ಲಿ ನಿಲಯ ಕಟ್ಟಿ ವರ್ಷಗಟ್ಟಲೆ ನಡೆಸಿದ ಮನಃಶಾಸ್ತ್ರದ ಮೇಷ್ಟ್ರಿಗೆ ಇದು ತಿಳಿಯದೆ ಇದ್ದೀತೆ?

ನಡೆಸುವುದು ಅಗ್ಗದ ಕೆಲಸವಾಗಿರಲಿಲ್ಲ. ಮೊದಲ ವರ್ಷಗಳಲ್ಲಿ ಖರ್ಚು ಬಿದ್ದದ್ದು ಮೇಷ್ಟ್ರ ಕೈಯ ಮೇಲೆಯೇ. ಆಮೇಲೆ ನಗರಸಭೆಯೂ ಊರಿನ ಜನರೂ ಹೆಗಲು ಕೊಟ್ಟರು. 30 ವಾಟ್ ಹೋಗಿ 250 ವಾಟಿನ ಟ್ರಾನ್ಸ್‌ಮಿಟರ್ ಬಂತು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದು, 1950ರಲ್ಲಿ ಅದು ಕೇಂದ್ರದ ರೇಡಿಯೊ ಜೊತೆ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ವಲಸೆ ಹೋಯಿತು. ಮೈಸೂರಿಗೆ ಮತ್ತೆ ಸ್ವಂತ ನಿಲಯ ಬರಲು 1974ರವರೆಗೆ ಕಾಯಬೇಕಾಯಿತು. ಇಷ್ಟರ ನಡುವೆ, ಐವತ್ತರ ದಶಕದ ಕೊನೆಯ ಹೊತ್ತಿಗೆ, ‘ಆಕಾಶವಾಣಿ’ ಇಡೀ ದೇಶದ ರೇಡಿಯೊಗೆ ಹೆಸರಾಯಿತು. ಗೋಪಾಲಸ್ವಾಮಿ ತೀರಿಕೊಂಡದ್ದು 1957ರಲ್ಲಿ.

ಅವರು ಹಾಕಿದ ಇನ್ನೊಂದು ಸಾಲು ಸದ್ದಿಲ್ಲದೆ ಬೆಳೆಯಿತು. ಬುದ್ಧಿಶಕ್ತಿಯ ಪರೀಕ್ಷೆಗಳು ಹುಟ್ಟಿದ್ದು ಪ್ಯಾರಿಸಿನಲ್ಲಿ, 1905ರಲ್ಲಿ, ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಕೈಯಲ್ಲಿ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ದಡ್ಡರೆಂದು ಹೊರಗೆ ಹಾಕದೆ ಅವರಿಗೆ ಬೇಕಾದ ನೆರವು ಗುರುತಿಸುವುದು ಅದರ ಉದ್ದೇಶ. ಎಂಟು ವರ್ಷದ ಮಗು ಆರು ವರ್ಷದ ಮಕ್ಕಳು ಮಾಡುವಷ್ಟೇ ಮಾಡಿದರೆ ಅದರ ಮಾನಸಿಕ ವಯಸ್ಸು 6. ಆರನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದರೆ 75. ಜನ ಐ.ಕ್ಯೂ. ಐ.ಕ್ಯೂ. ಎನ್ನುವುದು ಮೂಲದಲ್ಲಿ ಇಷ್ಟೇ ಲೆಕ್ಕ. ಆದರೆ ಲೆಕ್ಕ ಸುಲಭ, ಪ್ರಶ್ನೆ ಕಷ್ಟ. ಪ್ಯಾರಿಸಿನ ಮಗು ಫ್ರೆಂಚ್ ನಾಣ್ಯಗಳ ಹೆಸರು ಹೇಳಬೇಕಿತ್ತು. ಆ ನಾಣ್ಯಗಳನ್ನು ಗದಗಿನ ಮಗುವಿನ ಮುಂದಿಟ್ಟು ಉತ್ತರ ಬರಲಿಲ್ಲ ಎಂದು ಬುದ್ಧಿ ಕಡಿಮೆ ಅನ್ನಲಾದೀತೇ? ಪರೀಕ್ಷೆಯನ್ನು ಅನುವಾದಿಸಿದರೆ ಸಾಲದು, ಇಲ್ಲಿನ ಮಕ್ಕಳ ನಡುವೆ ಕೂತು ಮತ್ತೆ ಕಟ್ಟಬೇಕು. ಗೋಪಾಲಸ್ವಾಮಿಯವರ ಆಸ್ಥೆಯ ವಿಷಯಗಳಲ್ಲಿ ಇದೂ ಒಂದು. ಇದನ್ನು ಪೂರ್ತಿ ಮಾಡಿ ಗಟ್ಟಿಯಾಗಿ ನಿಲ್ಲಿಸಿದವರು ಧಾರವಾಡದ ವಿ.ವಿ. ಕಾಮತ್. ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅವರು ಹೊಂದಿಸಿದ ಬಿನೆ ಪರೀಕ್ಷೆಯ ಪುಸ್ತಕ 1940ರಲ್ಲಿ ಬಂತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಮಗುವಿಗೆ ಬುದ್ಧಿಮಾಂದ್ಯದ ಪ್ರಮಾಣಪತ್ರ ಬೇಕೆಂದು ಆಸ್ಪತ್ರೆಗೆ ಬಂದು ಬೆಂಚಿನ ಮೇಲೆ ಕಾಯುವ ಎಷ್ಟೋ ತಾಯಂದಿರಿಗೆ, ಒಳಗೆ ತಮ್ಮ ಮಗುವಿನ ಮುಂದಿರುವ ಪ್ರಶ್ನೆಗಳು ಧಾರವಾಡದಲ್ಲಿ ಕನ್ನಡದವು ಆದವು ಎಂದು ಯಾರೂ ಹೇಳಿರುವುದಿಲ್ಲ.

ಮೈಸೂರಿನ ಅದೇ ವಿಭಾಗದಲ್ಲಿ ಮುಂದೆ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರ ಕತೆಯೂ ಹೀಗೇ. ವೈದ್ಯಕೀಯ ವಿದ್ಯಾರ್ಥಿಗಳು ಫೈಲು ಹಿಡಿದು ಬೀದಿ ಬೀದಿ ಸುತ್ತಿ ‘ಮನೆ ಯಜಮಾನರು ಎಷ್ಟು ಓದಿದಾರೆ? ಏನ್ ಕೆಲಸ? ತಿಂಗಳಿಗೆ ಎಷ್ಟು ಬರುತ್ತೆ?’ ಎಂದು ಕೇಳುವುದನ್ನು ಊರುಗಳ ಹೊರವಲಯದಲ್ಲಿ ಇರುವವರು ಕಂಡಿರುತ್ತಾರೆ. ಓದಿಗೆ ಹೆಚ್ಚೆಂದರೆ 7, ಉದ್ಯೋಗಕ್ಕೆ 10, ವರಮಾನಕ್ಕೆ 12, ಒಟ್ಟು 29 ಅಂಕ. ಆ ಕೋಷ್ಟಕದ ಹೆಸರೇ ಕುಪ್ಪುಸ್ವಾಮಿ ಮಾನಕ. ರೂಪಾಯಿ ಬೆಲೆ ಇಳಿದಂತೆಲ್ಲ ವರಮಾನದ ಅಂಕಿಗಳನ್ನು ತಿದ್ದುತ್ತಾ ದೇಶದುದ್ದಕ್ಕೂ ಬಳಸುತ್ತಾರೆ. ಮನಃಶಾಸ್ತ್ರದ ಮೇಷ್ಟ್ರೊಬ್ಬರು ಮಾಡಿಟ್ಟ ಅಳತೆಗೋಲನ್ನು ಇಂದು ವೈದ್ಯರು ಹಿಡಿದು ತಿರುಗುತ್ತಿದ್ದಾರೆ.

ಶಿವಮೊಗ್ಗೆಗೆ ಮರಳಿದರೆ, ಮನಸ್ಸಿನ ಮಾತನ್ನು ನಾಲ್ಕು ಗೋಡೆಗಳ ಆಚೆ ತಂದ ಇನ್ನೊಬ್ಬರು ಸಿಗುತ್ತಾರೆ, ಡಾ. ಅಶೋಕ್ ಪೈ. ಅವರು ಪ್ರಾಧ್ಯಾಪಕರಲ್ಲ, ಮನೋವೈದ್ಯರು. ‘ಮಾನಸ’ ಎಂಬ ಅವರ ಆಸ್ಪತ್ರೆಯ ಹೆಸರು ಮಲೆನಾಡಿನ ಮೂಲೆಮೂಲೆಗೂ ಗೊತ್ತು. ದೆವ್ವ ಹಿಡಿದಿದೆ, ಮಾಟ ಮಾಡಿಸಿದ್ದಾರೆ ಎಂದುಕೊಂಡು ಊರೂರು ಅಲೆದವರು ಕೊನೆಗೆ ಬಂದು ಕೂರುವ ಜಾಗ ಮನೋವೈದ್ಯರ ಕೋಣೆ. ಅಲ್ಲಿಗೆ ಬರುವ ಮೊದಲೇ ಆ ಜನರನ್ನು ತಲುಪುವ ದಾರಿಯಾಗಿ ಅಶೋಕ್ ಪೈ ಸಿನಿಮಾ ಹಿಡಿದರು. ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ 1988ರ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಎಳವೆಯಲ್ಲಿ ಮನಸ್ಸಿಗೆ ಬಿದ್ದ ಪೆಟ್ಟು ದೊಡ್ಡವನಾದ ಮೇಲೆ ದಾಂಪತ್ಯವನ್ನು ಹೇಗೆ ಸುಡುತ್ತದೆ ಎಂಬುದನ್ನು ಕನ್ನಡದ ಪರದೆ ಅಷ್ಟು ನೇರವಾಗಿ ತೋರಿಸಿದ್ದು ಅಪರೂಪ. ‘ಪ್ರಥಮ ಉಷಾಕಿರಣ’, ‘ಆಘಾತ’ ಆಮೇಲೆ ಬಂದವು. 2016ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿಗೆ ಹೋಗಿದ್ದಾಗ ಅಶೋಕ್ ಪೈ ತೀರಿಕೊಂಡರು. ಅವರ ಹೆಸರಿನ ಕಾಲೇಜು ಇಂದು ಶಿವಮೊಗ್ಗದಲ್ಲಿ ಮನಃಶಾಸ್ತ್ರ ಕಲಿಸುತ್ತಿದೆ. ಪದವಿಗೆ ಮೈಸೂರಿನ ದಾರಿ ಹಿಡಿಯಬೇಕಿದ್ದ ಜಿಲ್ಲೆಯ ಮಕ್ಕಳು ಈಗ ಮನೆಯಿಂದಲೇ ಡಬ್ಬಿ ಕಟ್ಟಿಕೊಂಡು ಹೋಗಿ ಮನಃಶಾಸ್ತ್ರ ಓದಿ ಬರುತ್ತಾರೆ.

ದನಿಯ ದಾರಿಯೂ ಮುಂದೆ ಸಾಗಿದೆ. 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಶುರುವಾಯಿತು. 14416 ಒತ್ತಿದರೆ ಹಗಲು ರಾತ್ರಿ ಯಾರಾದರೂ ಮಾತಿಗೆ ಸಿಗುತ್ತಾರೆ, ಕನ್ನಡದಲ್ಲೂ. ಇದರ ನೋಡಲ್ ಕೇಂದ್ರವಾಗಿ ಬೆಂಗಳೂರಿನ ನಿಮ್ಹಾನ್ಸ್ ಇದೆ. ಆಕಾಶವಾಣಿಯಲ್ಲಿ ಒಂದು ದನಿ ಹೇಳುತ್ತಿತ್ತು, ಊರು ಕೇಳುತ್ತಿತ್ತು. ಇಲ್ಲಿ ಊರಿನ ಒಬ್ಬರು ಹೇಳುತ್ತಾರೆ, ಅತ್ತ ಕಾಣದ ಒಬ್ಬರು ಕಿವಿಗೊಟ್ಟು ಕೇಳುತ್ತಾರೆ. ಮುಖ ಕಾಣದ್ದೇ ಎಷ್ಟೋ ಜನರಿಗೆ ಬಾಯಿ ಬಿಡಲು ಧೈರ್ಯ.

ಮಲವಗೊಪ್ಪದಲ್ಲಿ ಈಗ ರೇಡಿಯೊ ಪೆಟ್ಟಿಗೆ ಕಡಿಮೆ. ಮೊಬೈಲಿನಲ್ಲಿ ಕೇಳುವವರಿದ್ದಾರೆ, ಹೊಲದ ಬದುವಿನ ಮೇಲೆ ಕೃಷಿರಂಗ ಹಾಕಿಕೊಂಡು ಕೂರುವ ಹಿರಿಯರಿದ್ದಾರೆ. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ ಒಂದು ನಿರ್ಧಾರ ಹೊರಡಿಸಿತು: ಇನ್ನು ಮುಂದೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬೇಡ, ಎಲ್ಲೆಡೆ ಆಕಾಶವಾಣಿ ಎಂದೇ ಹೇಳಬೇಕು. ದೆಹಲಿಯಲ್ಲಿ ಇಂಗ್ಲಿಷ್ ವಾರ್ತೆ ಓದುವವರು ನಾಲಿಗೆಯ ರೂಢಿ ತಪ್ಪಿಸಿಕೊಳ್ಳಬೇಕಾಯಿತು. ಭದ್ರಾವತಿಯ ಕನ್ನಡದ ಉದ್ಘೋಷಕರು ಬದಲಿಸಿಕೊಳ್ಳಬೇಕಾದ ಪದ ಒಂದೂ ಇರಲಿಲ್ಲ.